ಬಿಲ್ ಪೂರ್ತಿ ಕಟ್ಟುವವರಿಗೆ ಕ್ರೆಡಿಟ್ ಕಾರ್ಡ್ ನಿಜಕ್ಕೂ ಎಷ್ಟಕ್ಕೆ ಬೀಳುತ್ತದೆ? ಶುಲ್ಕ, ಷರತ್ತುಗಳ ವಿಮರ್ಶೆ

ಕ್ರೆಡಿಟ್ ಕಾರ್ಡುಗಳ ವಿಮರ್ಶೆ ಎಂದರೆ ಸಾಮಾನ್ಯವಾಗಿ ಪಾಯಿಂಟು, ಕ್ಯಾಶ್‌ಬ್ಯಾಕು, ವಿಮಾನ ನಿಲ್ದಾಣದ ಲೌಂಜುಗಳ ಲೆಕ್ಕ. ಕಾರ್ಡಿನ ಜತೆ ಬರುವ ಷರತ್ತುಪುಟವನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಆದರೆ ತಿಂಗಳು ತಿಂಗಳೂ ಬಿಲ್ ಪೂರ್ತಿ ಕಟ್ಟುವವರಿಗೆ ಕಾರ್ಡ್ ಲಾಭವೋ ನಷ್ಟವೋ ಎಂಬುದು ತೀರ್ಮಾನವಾಗುವುದು ಆ ಪುಟದಲ್ಲೇ. ಹಾಗಾಗಿ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆ ಪುಟವನ್ನು.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಪೂರ್ತಿ ಕಟ್ಟುವವರ ಕೈಯಲ್ಲಿ ಕ್ರೆಡಿಟ್ ಕಾರ್ಡ್ ಒಳ್ಳೆಯ ಸಾಧನ. ಅದೇ ಕಾರ್ಡು ಒಂದು ಸಣ್ಣ ತಪ್ಪಿಗೆ ಪೂರ್ತಿ ಬೇರೆಯದೇ ಸರಕಾಗಿ ಮಾರ್ಪಡುತ್ತದೆ, ಅದೂ ಹಿಂದಿನ ತಾರೀಖಿನಿಂದ. ಆದ್ದರಿಂದ ಎರಡು ಕಾರ್ಡುಗಳನ್ನು ಹೋಲಿಸುವಾಗ ಯಾವುದು ಹೆಚ್ಚು ಪಾಯಿಂಟ್ ಕೊಡುತ್ತದೆ ಎಂದು ನೋಡುವುದಕ್ಕೆ ಮುಂಚೆ, ಮೊದಲ ಬಾರಿ ಎಡವಿದಾಗ ಯಾವುದು ಎಷ್ಟು ಕೀಳುತ್ತದೆ ಎಂದು ನೋಡಬೇಕು.

ಬ್ಯಾಂಕುಗಳ ಒಳಗೆ ಗ್ರಾಹಕರನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಪೂರ್ತಿ ಕಟ್ಟುವವರು 'ಟ್ರಾನ್ಸಾಕ್ಟರ್', ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟುವವರು 'ರಿವಾಲ್ವರ್'. ಅಮೆರಿಕದ ಕಾರ್ಡ್ ಉದ್ಯಮದಲ್ಲಿ ಮೊದಲನೆಯವರಿಗೆ 'ಡೆಡ್‌ಬೀಟ್' ಎಂಬ ಅಡ್ಡಹೆಸರೂ ಇದೆ. ಸಾಮಾನ್ಯ ಬಳಕೆಯಲ್ಲಿ ಸಾಲ ತೀರಿಸದೆ ಕೈಯೆತ್ತುವವನಿಗೆ ಹೇಳುವ ಮಾತು ಅದು. ಸರಿಯಾಗಿ ಕಟ್ಟುವವರಿಗೆ ಅದನ್ನು ಅಂಟಿಸಿದ್ದಾರೆ ಎಂದರೆ, ಹಣ ಎಲ್ಲಿಂದ ಬರಬೇಕೆಂದು ಈ ವ್ಯವಹಾರ ಎಣಿಸಿದೆ ಎಂಬುದು ಗೊತ್ತಾಗುತ್ತದೆ. ಪೂರ್ತಿ ಕಟ್ಟುವವರಿಂದಲೂ ಬ್ಯಾಂಕಿಗೆ ಆದಾಯವಿದೆ: ಪ್ರತಿ ಖರೀದಿಯಲ್ಲೂ ಅಂಗಡಿಯವರು ಕೊಡುವ ಶುಲ್ಕದ ಒಂದು ಪಾಲು, ವಾರ್ಷಿಕ ಶುಲ್ಕ, ವಿದೇಶಿ ಹಣದ ಮೇಲಿನ ಮಾರ್ಕಪ್ (ವಿನಿಮಯ ದರದ ಮೇಲೆ ಸೇರಿಸುವ ಹೆಚ್ಚುವರಿ ಶುಲ್ಕ). ಬಡ್ಡಿಯ ಮುಂದೆ ಇವೆಲ್ಲ ಸಣ್ಣವು.

ಬಡ್ಡಿಯಿಲ್ಲದ ದಿನಗಳನ್ನು ಎಣಿಸುವ ಬಗೆ

'50 ದಿನಗಳವರೆಗೆ ಬಡ್ಡಿಯಿಲ್ಲ' ಎಂಬ ಜಾಹೀರಾತಿನಲ್ಲಿ ಮುಖ್ಯವಾದ ಪದ 'ವರೆಗೆ'. ಪ್ರತಿ ತಿಂಗಳು 5ರಂದು ಸ್ಟೇಟ್‌ಮೆಂಟ್ ಬಂದು, 25ಕ್ಕೆ ಕಟ್ಟುವ ಗಡುವು ಇದೆ ಎಂದುಕೊಳ್ಳಿ. ಮಾರ್ಚ್ 6ರ ಖರೀದಿ ಏಪ್ರಿಲ್ 5ರ ಸ್ಟೇಟ್‌ಮೆಂಟಿಗೆ ಬರುತ್ತದೆ, ಏಪ್ರಿಲ್ 25ಕ್ಕೆ ಕಟ್ಟಬೇಕಾಗುತ್ತದೆ. ಅದಕ್ಕೆ 50 ದಿನ ಸಿಕ್ಕಿತು. ಏಪ್ರಿಲ್ 5ರಂದೇ ಮಾಡಿದ ಖರೀದಿಗೆ ಸಿಗುವುದು 20 ದಿನ ಮಾತ್ರ. ದೊಡ್ಡ ಮೊತ್ತದ ಖರೀದಿಯನ್ನು ಸ್ಟೇಟ್‌ಮೆಂಟ್ ಬಂದ ಮರುದಿನಕ್ಕೆ ಇಟ್ಟುಕೊಂಡರೆ ಪೂರ್ತಿ ಅವಧಿ ಕೈಗೆ ಬರುತ್ತದೆ. ಒಂದು ಎಚ್ಚರಿಕೆ: ಕೆಲವು ಬ್ಯಾಂಕುಗಳು ಖರೀದಿಯ ದಿನವನ್ನು ಹಿಡಿಯದೆ, ಅದು ಖಾತೆಗೆ ದಾಖಲಾದ ದಿನವನ್ನು ಹಿಡಿದು ಸ್ಟೇಟ್‌ಮೆಂಟಿಗೆ ಸೇರಿಸುತ್ತವೆ. ದಾಖಲಾಗಲು ಒಂದೆರಡು ದಿನ ತಡವಾಗಬಹುದು.

ಅಮೆರಿಕದಲ್ಲಿ 2009ರ ಕಾರ್ಡ್ ಕಾಯ್ದೆಯ ಪ್ರಕಾರ ಗಡುವಿಗೆ ಕನಿಷ್ಠ 21 ದಿನ ಮೊದಲೇ ಬಿಲ್ ಕಳಿಸಬೇಕು, ಗಡುವು ಪ್ರತಿ ತಿಂಗಳೂ ಒಂದೇ ತಾರೀಖಿಗೆ ಬೀಳಬೇಕು. ಭಾರತದಲ್ಲಿ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳು ಬಿಲ್ಲಿಂಗ್ ಚಕ್ರದ (ಒಂದು ಬಿಲ್ಲಿನಿಂದ ಮುಂದಿನ ಬಿಲ್ಲಿನವರೆಗಿನ ಅವಧಿಯ) ತಾರೀಖನ್ನು ಬದಲಿಸಿಕೊಳ್ಳುವ ಹಕ್ಕನ್ನು ಕಾರ್ಡುದಾರರಿಗೆ ಕೊಟ್ಟಿವೆ. ಬಳಸಿಕೊಳ್ಳಲೇಬೇಕಾದ ಹಕ್ಕು ಇದು. ಸಂಬಳ ಅಥವಾ ಆದಾಯ ಕೈಸೇರಿದ ನಾಲ್ಕೈದು ದಿನಕ್ಕೆ ಗಡುವು ಬೀಳುವಂತೆ ಮಾಡಿಕೊಂಡರೆ ಅರ್ಧ ಅಪಾಯ ಅಲ್ಲೇ ಕಳೆಯುತ್ತದೆ.

500 ಕಡಿಮೆ ಕಟ್ಟಿದರೆ ಏನಾಗುತ್ತದೆ

ಇಡೀ ಷರತ್ತುಪುಟದಲ್ಲಿ ನಿಧಾನವಾಗಿ ಓದಬೇಕಾದ ಸಾಲು ಒಂದೇ ಇದ್ದರೆ ಅದು ಇದು: 'ಪೂರ್ತಿ ಮೊತ್ತ ಗಡುವಿನೊಳಗೆ ಪಾವತಿಯಾಗದಿದ್ದಲ್ಲಿ ಬಡ್ಡಿರಹಿತ ಅವಧಿ ಅನ್ವಯಿಸುವುದಿಲ್ಲ, ವಹಿವಾಟಿನ ದಿನಾಂಕದಿಂದ ಬಡ್ಡಿ ವಿಧಿಸಲಾಗುವುದು.' ಓದಿದಾಗ ಉಳಿದ ಬಾಕಿಗಷ್ಟೇ ಬಡ್ಡಿ ಎಂದು ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ.

ಬಡ್ಡಿ ದರ ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ ಶೇ. 42. ಮೇಲಿನ ಅದೇ ಕಾರ್ಡಿನಲ್ಲಿ ಮಾರ್ಚ್ 10ರಂದು 40,000ದ ಒಂದು ಖರೀದಿ ಆಗಿದೆ. ಏಪ್ರಿಲ್ 5ರ ಸ್ಟೇಟ್‌ಮೆಂಟಿನಲ್ಲಿ ಪೂರ್ತಿ ಮೊತ್ತ 40,000. ಏಪ್ರಿಲ್ 15ರಂದು ಇನ್ನೊಂದು ಖರೀದಿ, 12,000. ಗಡುವಿನ ದಿನ ಏಪ್ರಿಲ್ 25ರಂದು ಕಾರ್ಡುದಾರರು 39,500 ಕಟ್ಟುತ್ತಾರೆ. ಹಳೆಯ ಅಂಕಿ ನೆನಪಿಟ್ಟುಕೊಂಡು ಕಟ್ಟಿದ್ದಿರಬಹುದು, ಬೆರಳು ತಪ್ಪಿ ಒತ್ತಿದ್ದಿರಬಹುದು. ಉಳಿದದ್ದು 500.

ಮೇ 5ರ ಸ್ಟೇಟ್‌ಮೆಂಟಿನಲ್ಲಿ ಬರುವ ಬಡ್ಡಿ ಹೀಗೆ. 40,000ದ ಮೇಲೆ ಮಾರ್ಚ್ 10ರಿಂದ ಏಪ್ರಿಲ್ 25ರವರೆಗಿನ 46 ದಿನಕ್ಕೆ 2,117. ಉಳಿದ 500ರ ಮೇಲೆ ಮುಂದಿನ 10 ದಿನಕ್ಕೆ ಸುಮಾರು 6. ಹೊಸ 12,000ದ ಮೇಲೆ 20 ದಿನಕ್ಕೆ 276, ಏಕೆಂದರೆ ಬಡ್ಡಿರಹಿತ ಅವಧಿ ಹೊಸ ಖರೀದಿಗಳಿಗೂ ರದ್ದಾಗಿದೆ. ಒಟ್ಟು ಸುಮಾರು 2,400. ಬಡ್ಡಿಯ ಮೇಲೆ ತೆರಿಗೆ ಇರುವ ದೇಶಗಳಲ್ಲಿ ಅದು ಬೇರೆ. 500ರ ಬಾಕಿಗೆ 2,400ರ ಬಡ್ಡಿ, ಮೂಗಿಗಿಂತ ಮೂಗುತಿ ಭಾರ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗಲಾರದು. ಗಡುವಿನೊಳಗೇ ಕಟ್ಟಿದ 39,500ಕ್ಕೂ 46 ದಿನದ ಬಡ್ಡಿ ಬಿದ್ದಿದೆ ಎಂಬುದೇ ಇಲ್ಲಿನ ಅನ್ಯಾಯ. ಬಾಕಿ ಉಳಿದ 500ಕ್ಕೆ ಮಾತ್ರ ಖರೀದಿಯ ದಿನದಿಂದ 56 ದಿನ ಬಡ್ಡಿ ಹಾಕಿದ್ದರೆ ಆಗುತ್ತಿದ್ದದ್ದು ಸುಮಾರು 32.

ಇದನ್ನು ಅನ್ಯಾಯವೆಂದು ಒಪ್ಪಿಕೊಂಡ ಕಾನೂನುಗಳೂ ಇವೆ. ಅಮೆರಿಕದ 2009ರ ಕಾಯ್ದೆಯ ನಂತರ, ಗಡುವಿನೊಳಗೆ ಕಟ್ಟಿದ ಭಾಗದ ಮೇಲೆ ಬಡ್ಡಿ ಹಾಕುವಂತಿಲ್ಲ. ಹಿಂದಿನ ಬಿಲ್ಲಿಂಗ್ ಚಕ್ರಕ್ಕೆ ಕೈಚಾಚಿ ಬಡ್ಡಿ ಎಣಿಸುವ 'ಡಬಲ್ ಸೈಕಲ್' ಪದ್ಧತಿಯನ್ನೂ ಅದು ನಿಲ್ಲಿಸಿತು. ಆಸ್ಟ್ರೇಲಿಯಾ 2019ರ ಜನವರಿ 1ರಿಂದ ಬಡ್ಡಿಯನ್ನು ಹಿಂದಿನ ದಿನಾಂಕಕ್ಕೆ ಎಳೆಯುವುದನ್ನು ನಿಷೇಧಿಸಿದೆ. ಭಾರತದ ಬ್ಯಾಂಕುಗಳ ಷರತ್ತುಪುಟಗಳಲ್ಲಿ ಮಾತ್ರ 'ವಹಿವಾಟಿನ ದಿನದಿಂದ' ಎಂಬ ಮಾತು ಈಗಲೂ ಸಾಮಾನ್ಯ. ಕಟ್ಟದೆ ಉಳಿದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಅವುಗಳ ಮೇಲೆ ಚಕ್ರಬಡ್ಡಿ ಹಾಕಕೂಡದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದ್ದು ಒಳ್ಳೆಯದೇ, ಆದರೆ ಮೇಲಿನ 2,117ರಲ್ಲಿ ಅದರಿಂದ ಏನೂ ಕಡಿಮೆಯಾಗುವುದಿಲ್ಲ. ದರದ ಮಿತಿಯ ವಿಷಯಕ್ಕೆ ಬಂದರೆ, ಶೇ. 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು.

ಎಡವಿದ ಮೇಲೆ ಎದ್ದು ನಿಲ್ಲುವುದು

ಜಾಗರೂಕರಾದವರೂ ಎರಡನೆಯ ಸಲ ಏಟು ತಿನ್ನುವುದು ಇಲ್ಲಿ. ಮೇ 5ರ ಬಿಲ್ಲಿನಲ್ಲಿ 500, 12,000 ಮತ್ತು ಬಡ್ಡಿ ಸೇರಿ ಸುಮಾರು 14,900 ಇರುತ್ತದೆ. ಮೇ 25ರ ಗಡುವಿಗೆ ಅಷ್ಟನ್ನೂ ಕಟ್ಟಿದರೆ ಲೆಕ್ಕ ಚುಕ್ತಾ ಆಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗಿರುವುದಿಲ್ಲ. ಮೇ 5ರಿಂದ 25ರವರೆಗೆ ಅಸಲಿನ ಮೇಲೆ ಬಡ್ಡಿ ದಿನದಿನವೂ ಓಡುತ್ತಲೇ ಇತ್ತು. 12,500ಕ್ಕೆ 20 ದಿನಕ್ಕೆ ಸುಮಾರು 288. ಅದು ಜೂನ್ 5ರ ಸ್ಟೇಟ್‌ಮೆಂಟಿನಲ್ಲಿ ತಲೆ ಎತ್ತುತ್ತದೆ. ಇದಕ್ಕೆ ಉಳಿಕೆ ಬಡ್ಡಿ ಎನ್ನುತ್ತಾರೆ. ಕಾರ್ಡ್ ತೀರಿತೆಂದು ಡ್ರಾಯರಿಗೆ ಹಾಕಿ, ಈ ಬಿಲ್ಲನ್ನು ತೆರೆದೂ ನೋಡದೆ ಬಿಟ್ಟವರಿಗೆ ಅದರ ಮೇಲೊಂದು ಲೇಟ್ ಫೀ, ಸಾಲದ ದಾಖಲೆಯಲ್ಲಿ ಒಂದು ಕಲೆ.

ಹೊರಬರುವ ದಾರಿ ಹೀಗಿದೆ. ಕಡಿಮೆ ಕಟ್ಟಿದ್ದು ಕಣ್ಣಿಗೆ ಬಿದ್ದ ದಿನವೇ ಬಾಕಿ ಪೂರ್ತಿ ಕಟ್ಟಬೇಕು, ಹೊಸ ಖರೀದಿಗಳನ್ನೂ ಸೇರಿಸಿ. ಗಡುವಿಗೆ ಕಾಯುವುದರಲ್ಲಿ ಈಗ ಏನೂ ಲಾಭವಿಲ್ಲ, ಬಡ್ಡಿ ದಿನಕ್ಕೆ ಎಣಿಸಲಾಗುತ್ತಿದೆ. ಮೇಲಿನ ಉದಾಹರಣೆಯಲ್ಲಿ ಮೇ 25ರ ಬದಲು ಮೇ 6ರಂದೇ ಕಟ್ಟಿದ್ದರೆ 288 ಹೋಗಿ 14 ಆಗುತ್ತಿತ್ತು. ಆಮೇಲೆ ಸಹಾಯವಾಣಿಗೆ ಕರೆ ಮಾಡಿ 'ಇವತ್ತಿನ ದಿನಾಂಕಕ್ಕೆ ಖಾತೆ ಸೊನ್ನೆ ಆಗಲು ಎಷ್ಟು ಕಟ್ಟಬೇಕು' ಎಂದು ಕೇಳಬೇಕು. ಆ್ಯಪಿನಲ್ಲಿ ಕಾಣುವ ಬಾಕಿಗೆ ಇನ್ನೂ ಬಿಲ್ ಆಗದ ಬಡ್ಡಿ ಸೇರಿರುವುದಿಲ್ಲ. ಬಡ್ಡಿರಹಿತ ಅವಧಿ ಮತ್ತೆ ಯಾವಾಗ ಶುರು ಎಂಬುದನ್ನೂ ಆಗಲೇ ಕೇಳಿ. ಕೆಲವು ಕಾರ್ಡುಗಳಲ್ಲಿ ಒಂದು ಬಿಲ್ ಪೂರ್ತಿ ಕಟ್ಟಿದರೆ ಸಾಕು, ಕೆಲವದರಲ್ಲಿ ಸತತ ಎರಡು ಬಿಲ್ ಬೇಕು. ಅಲ್ಲಿಯವರೆಗೆ ಆ ಕಾರ್ಡನ್ನು ಬಳಸದಿರುವುದೇ ಅಗ್ಗ. ಬಹಳ ಕಾಲ ತಪ್ಪದೆ ಕಟ್ಟಿದ ಗ್ರಾಹಕರು ಕೇಳಿದರೆ ಒಂದು ಸಲದ ಬಡ್ಡಿ ಅಥವಾ ಲೇಟ್ ಫೀ ಮನ್ನಾ ಮಾಡುವ ಅಧಿಕಾರ ಸಹಾಯವಾಣಿಯವರಿಗೆ ಎಷ್ಟೋ ಬ್ಯಾಂಕುಗಳಲ್ಲಿ ಇರುತ್ತದೆ. ಕೇಳದಿದ್ದರೆ ಮಾತ್ರ ಯಾರೂ ತಾವಾಗಿ ಮಾಡುವುದಿಲ್ಲ.

ಲೇಟ್ ಫೀ ಮತ್ತು ಬಡ್ಡಿ ಎರಡೂ ಒಂದೇ ಎಂದು ಭಾವಿಸುವವರು ಬಹಳ. ಬಿಲ್ಲಿನಲ್ಲಿ 'ಇಷ್ಟನ್ನಾದರೂ ಕಟ್ಟಿ' ಎಂದು ಕಾಣಿಸುವ ಸಣ್ಣ ಪಾಲು, ಅಂದರೆ ಕನಿಷ್ಠ ಮೊತ್ತ, ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. 39,500 ಕಟ್ಟಿದವರಿಗೆ ಲೇಟ್ ಫೀ ಬರಲೇ ಇಲ್ಲ, ಹಾಗಾಗಿ ಎಚ್ಚರಿಸುವ ಸಂದೇಶವೂ ಬರಲಿಲ್ಲ. ಭಾರತದಲ್ಲಿ ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ಲೇಟ್ ಫೀ ಹಾಕಬಹುದು, ಅದೂ ಗಡುವಿನ ನಂತರ ಉಳಿದ ಬಾಕಿಯನ್ನು ನೋಡಿ, ಬಿಲ್ಲಿನ ಒಟ್ಟು ಮೊತ್ತವನ್ನು ನೋಡಿ ಅಲ್ಲ. ಆದರೆ ತಡವಾದ ದಿನಗಳ ಎಣಿಕೆ ಮೂಲ ಗಡುವಿನಿಂದಲೇ ಶುರುವಾಗುತ್ತದೆ. ಈ ಮೂರು ದಿನವನ್ನು ರಿಯಾಯಿತಿ ಎಂದು ನಂಬಿ ನಡೆಯುವುದು ತಪ್ಪು.

ಕನಿಷ್ಠ ಮೊತ್ತದ ಬಗ್ಗೆ ಹೆಚ್ಚು ಹೇಳುವುದು ಬೇಡ, ಒಂದು ಲೆಕ್ಕ ಸಾಕು. ಬಾಕಿ 1,00,000, ಬಡ್ಡಿ ತಿಂಗಳಿಗೆ ಶೇ. 3.5, ಕನಿಷ್ಠ ಮೊತ್ತ ಶೇ. 5. ಒಂದು ಪೈಸೆಯ ಹೊಸ ಖರೀದಿಯೂ ಇಲ್ಲದೆ ಹನ್ನೆರಡು ತಿಂಗಳು ಕನಿಷ್ಠ ಮೊತ್ತವನ್ನೇ ಕಟ್ಟಿದರೆ ಕೈಯಿಂದ ಹೋಗುವುದು ಸುಮಾರು 56,700. ವರ್ಷದ ಕೊನೆಗೆ ಉಳಿದಿರುವ ಬಾಕಿ ಸುಮಾರು 81,650. ಬ್ರಿಟನ್ನಿನ ನಿಯಂತ್ರಕರು 2018ರಲ್ಲಿ ಇದಕ್ಕೆಂದೇ ನಿಯಮ ತಂದರು. 18 ತಿಂಗಳಲ್ಲಿ ಅಸಲಿಗಿಂತ ಬಡ್ಡಿ ಮತ್ತು ಶುಲ್ಕಕ್ಕೇ ಹೆಚ್ಚು ಕಟ್ಟಿದ ಗ್ರಾಹಕರನ್ನು ಬ್ಯಾಂಕೇ ಸಂಪರ್ಕಿಸಬೇಕು, 36 ತಿಂಗಳಾದರೂ ಅದೇ ಸ್ಥಿತಿ ಇದ್ದರೆ ಸಾಲ ತೀರಿಸಲು ನೆರವಾಗಬೇಕು.

ಆಟೋ ಪೇ: ಹಾಕಿ, ಆದರೆ ನೋಡಿ ಹಾಕಿ

ಎಡವದಿರಲು ಇರುವ ಅತ್ಯುತ್ತಮ ಉಪಾಯ ಆಟೋ ಪೇ, ಅಂದರೆ ಬಿಲ್ಲಿನ ಹಣ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಪಾವತಿಯಾಗುವ ಏರ್ಪಾಡು. ಕೈಕೊಡುವ ಜಾಗಗಳೂ ಅದರಲ್ಲಿವೆ. ಮೊದಲನೆಯದು, ಅರ್ಜಿಯಲ್ಲಿ ಎರಡು ಆಯ್ಕೆ ಇರುತ್ತವೆ, 'ಪೂರ್ತಿ ಮೊತ್ತ' ಮತ್ತು 'ಕನಿಷ್ಠ ಮೊತ್ತ'. ಎರಡನೆಯದು ಗುರುತಾಗಿಬಿಟ್ಟರೆ ತಿಂಗಳು ತಿಂಗಳೂ 'ಪಾವತಿ ಯಶಸ್ವಿ' ಎಂಬ ಸಂದೇಶ ಬರುತ್ತಾ ಬಡ್ಡಿ ಬೆಳೆಯುತ್ತದೆ. ಮೊದಲ ಪಾವತಿಯ ನಂತರ ಖಾತೆಯಿಂದ ಎಷ್ಟು ಹೋಯಿತು ಎಂದು ಬಿಲ್ಲಿನ ಜತೆ ತಾಳೆ ನೋಡುವುದು ಕಡ್ಡಾಯ.

ಎರಡನೆಯದು, ಈಗಾಗಲೇ ಬಂದಿರುವ ಬಿಲ್ಲಿಗೆ ಹೊಸ ಆಟೋ ಪೇ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಮುಂದಿನ ಬಿಲ್ಲಿನಿಂದ ಶುರು. ನೋಂದಾಯಿಸಿದ ತಿಂಗಳು ಕೈಯಿಂದಲೇ ಕಟ್ಟಬೇಕು. ಹೊಸ ಕಾರ್ಡುದಾರರು ಹೆಚ್ಚಾಗಿ ಜಾರುವುದು ಈ ಮೊದಲ ತಿಂಗಳಲ್ಲೇ.

ಮೂರನೆಯದು, ಆಟೋ ಪೇ ಆದೇಶಕ್ಕೆ ಒಂದು ಗರಿಷ್ಠ ಮಿತಿ ಇರಬಹುದು. ಮಿತಿ 50,000 ಇಟ್ಟು ಬಿಲ್ 62,000 ಬಂದರೆ ಕೆಲವು ಕಡೆ 50,000 ಹೋಗುತ್ತದೆ, ಕೆಲವು ಕಡೆ ಇಡೀ ಪಾವತಿಯೇ ತಿರಸ್ಕಾರವಾಗುತ್ತದೆ. ಎರಡೂ ಕೆಟ್ಟದ್ದೇ. ಮಿತಿಯನ್ನು ಕಾರ್ಡಿನ ಪೂರ್ತಿ ಲಿಮಿಟ್‌ನಷ್ಟೇ ಇಡಬೇಕು. ಖಾತೆಯಲ್ಲಿ ಹಣ ಸಾಲದಿದ್ದರೆ ಪಾವತಿ ವಾಪಸಾಗಿ ಬ್ಯಾಂಕ್ ಖಾತೆಯವರ ಶುಲ್ಕ ಒಂದು, ಕಾರ್ಡಿನವರ ಶುಲ್ಕ ಇನ್ನೊಂದು, ಜತೆಗೆ ಬಡ್ಡಿ.

ಕೈಯಿಂದ ಕಟ್ಟುವವರು ಗಡುವಿಗೆ ಮೂರು ಕೆಲಸದ ದಿನ ಮೊದಲೇ ಕಟ್ಟಿಬಿಡುವುದು ಲೇಸು. ಎಣಿಕೆಗೆ ಬರುವುದು ಹಣ ಕಾರ್ಡ್ ಖಾತೆಗೆ ಜಮೆಯಾದ ದಿನ, ನಿಮ್ಮ ಖಾತೆಯಿಂದ ಹೊರಟ ದಿನ ಅಲ್ಲ. ಬೇರೆ ಬ್ಯಾಂಕಿನಿಂದ ಅಥವಾ ಮೂರನೆಯ ಆ್ಯಪಿನಿಂದ ಕಟ್ಟಿದಾಗ ಈ ಅಂತರ ಕಾಣಿಸಿಕೊಳ್ಳುತ್ತದೆ. ಮೊತ್ತವನ್ನು ಸ್ಟೇಟ್‌ಮೆಂಟಿನಿಂದ ನೋಡಿಯೇ ತುಂಬಿ, ಪೈಸೆಗಳಿದ್ದರೆ ಮೇಲಕ್ಕೆ ಪೂರ್ಣಾಂಕ ಮಾಡಿ. ಹೆಚ್ಚು ಕಟ್ಟಿದ್ದು ಮುಂದಿನ ಬಿಲ್ಲಿನಲ್ಲಿ ಕಳೆದುಹೋಗುತ್ತದೆ.

ವಾಪಸು ಬರಬೇಕಾದ ಹಣವೂ ಇದೇ ರೀತಿ ಮೋಸಗೊಳಿಸುತ್ತದೆ. 8,000ದ ವಸ್ತು ಹಿಂತಿರುಗಿಸಿದ್ದೀರಿ, ಬಿಲ್ಲಿನಲ್ಲಿ ಅದು ಇನ್ನೂ ಕಳೆದಿಲ್ಲ. 'ಹೇಗೂ ವಾಪಸು ಬರುತ್ತದೆ' ಎಂದು 8,000 ಕಡಿಮೆ ಕಟ್ಟಿದರೆ, ರೀಫಂಡ್ ಗಡುವಿನ ನಂತರ ಬಂದಲ್ಲಿ ಮೇಲಿನ ಲೆಕ್ಕವೆಲ್ಲ ಶುರುವಾಗುತ್ತದೆ. ಬಿಲ್ಲಿನಲ್ಲಿರುವಷ್ಟನ್ನೂ ಕಟ್ಟಿ, ರೀಫಂಡ್ ಬಂದಾಗ ಜಮೆಯಾಗಿ ಉಳಿಯಲಿ.

ಎಟಿಎಂ, ಕಂತು, ವರ್ಗಾವಣೆ

ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವುದಕ್ಕೆ ಬಡ್ಡಿರಹಿತ ಅವಧಿ ಇಲ್ಲವೇ ಇಲ್ಲ. 10,000 ತೆಗೆದರೆ ಶುಲ್ಕ ಶೇ. 3 ಅಥವಾ ಕನಿಷ್ಠ 500 ಎಂದಿದ್ದಲ್ಲಿ 500 ಹೋಯಿತು. ಇಪ್ಪತ್ತು ದಿನಕ್ಕೆ ಬಡ್ಡಿ 230. ಇಪ್ಪತ್ತು ದಿನದ ಮಟ್ಟಿಗೆ 730 ಕೊಟ್ಟಂತಾಯಿತು, ವಾರ್ಷಿಕ ದರಕ್ಕೆ ತಿರುಗಿಸಿದರೆ ಶೇ. 133. ಎಟಿಎಂ ಮುಟ್ಟದವರಿಗೂ ಈ ಶುಲ್ಕ ಬೀಳಬಹುದು: ವ್ಯಾಲೆಟ್‌ಗೆ ಹಣ ತುಂಬುವುದು, ವಿದೇಶಿ ನೋಟು ಕೊಳ್ಳುವುದು, ಜೂಜಿನ ತಾಣಗಳು, ಇವನ್ನು ಕೆಲವು ಬ್ಯಾಂಕುಗಳು 'ನಗದಿಗೆ ಸಮಾನ' ಎಂದು ಪರಿಗಣಿಸುತ್ತವೆ. ಷರತ್ತುಪುಟದಲ್ಲಿ ಈ ಪಟ್ಟಿಯನ್ನು ಹುಡುಕಿ ಓದಬೇಕು.

ಕಂತಿನ ವಿಷಯದಲ್ಲಿ ನೋಡಬೇಕಾದ್ದು ದರ ಯಾವ ಬಗೆಯದು ಎಂಬುದನ್ನು. 'ತಿಂಗಳಿಗೆ ಶೇ. 1 ಮಾತ್ರ' ಎಂಬುದು ಫ್ಲಾಟ್ ದರವಾಗಿದ್ದರೆ, 12,000ಕ್ಕೆ ಹನ್ನೆರಡು ತಿಂಗಳು 1,120ರಂತೆ ಕಟ್ಟಬೇಕು. ಅಸಲು ಕರಗುತ್ತಾ ಹೋದರೂ ಬಡ್ಡಿ ಮೊದಲ ದಿನದ ಮೊತ್ತಕ್ಕೇ ನಿಂತಿರುವುದರಿಂದ ನಿಜವಾದ ವಾರ್ಷಿಕ ದರ ಸುಮಾರು ಶೇ. 21.5. 'ನೋ ಕಾಸ್ಟ್' ಕಂತಿನಲ್ಲಿ ಬಡ್ಡಿಯಷ್ಟು ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ಕಳೆಯುತ್ತಾರೆ. ಪ್ರೊಸೆಸಿಂಗ್ ಶುಲ್ಕ ಮತ್ತು ಬಡ್ಡಿಯ ಮೇಲಿನ ತೆರಿಗೆ ಇದ್ದರೆ ಅವು ಗ್ರಾಹಕರ ತಲೆಗೇ. ಒಂದೇ ಸಲ ಕಟ್ಟಿದರೆ ಸಿಗುವ ರಿಯಾಯಿತಿ ಬಿಟ್ಟುಹೋಗುತ್ತದೆಯೇ ಎಂದು ಕೇಳಿ ನೋಡಿದರೆ ಅಸಲಿ ವೆಚ್ಚ ಬಯಲಾಗುತ್ತದೆ. ಪೂರ್ತಿ ಕಟ್ಟುವ ಶಕ್ತಿ ಇರುವವರಿಗೆ ಕಂತು ಬಹುಪಾಲು ಅನಗತ್ಯ ಎಂಬುದೇ ಈ ವಿಮರ್ಶೆಯ ಅಭಿಪ್ರಾಯ.

ಬೇರೆ ಕಾರ್ಡಿನ ಸಾಲವನ್ನು 'ಶೇ. 0' ದರಕ್ಕೆ ವರ್ಗಾಯಿಸುವ ಕೊಡುಗೆಯಲ್ಲಿ ಶುಲ್ಕ ಶೇ. 3 ಇದ್ದರೆ, 60,000ಕ್ಕೆ 1,800. ಆರು ಸಮ ಕಂತುಗಳಲ್ಲಿ ತೀರಿಸಿದರೆ ಅದು ವಾರ್ಷಿಕ ಶೇ. 10ರ ಆಸುಪಾಸಿನ ಸಾಲ. ಶೇ. 42ರ ಮುಂದೆ ಇದು ಒಳ್ಳೆಯದೇ. ಅಪಾಯ ಇರುವುದು ಆ ಹೊಸ ಕಾರ್ಡಿನಲ್ಲಿ ಖರೀದಿಯನ್ನೂ ಶುರುಮಾಡಿದಾಗ. ವರ್ಗಾಯಿಸಿದ ಬಾಕಿ ಖಾತೆಯಲ್ಲಿ ಇರುವವರೆಗೆ 'ಪೂರ್ತಿ ಕಟ್ಟಿದಂತೆ' ಆಗದು, ಹೊಸ ಖರೀದಿಗೆ ಮೊದಲ ದಿನದಿಂದಲೇ ಬಡ್ಡಿ. ವರ್ಗಾವಣೆಯ ಕಾರ್ಡನ್ನು ಖರೀದಿಗೆ ಮುಟ್ಟಬಾರದು.

ಹೊರದೇಶದ ಹಣ

ಕಾರ್ಡುಗಳಲ್ಲಿ ವಿದೇಶಿ ಹಣದ ಮಾರ್ಕಪ್ ಸೊನ್ನೆಯಿಂದ ಶೇ. 3.5ರವರೆಗೂ ಇದೆ. ಆಗಾಗ ಹೊರಗಿನ ತಾಣಗಳಲ್ಲಿ ಕೊಳ್ಳುವವರು ಅಥವಾ ಪ್ರವಾಸ ಮಾಡುವವರು ಕಾರ್ಡ್ ಆರಿಸುವಾಗ ಪಾಯಿಂಟಿಗಿಂತ ಮುಂಚೆ ಈ ಅಂಕಿ ನೋಡಬೇಕು. ಶೇ. 3.5 ಕೊಟ್ಟು ಶೇ. 1 ಪಾಯಿಂಟ್ ಪಡೆಯುವುದರಲ್ಲಿ ಗಳಿಕೆ ಏನೂ ಇಲ್ಲ.

ಅದಕ್ಕಿಂತ ಕೆಟ್ಟದ್ದು ಯಂತ್ರದಲ್ಲಿ ಬರುವ ಪ್ರಶ್ನೆ: 'ನಿಮ್ಮ ದೇಶದ ಹಣದಲ್ಲಿ ಪಾವತಿಸುವಿರಾ?' ಒಪ್ಪಿದರೆ ವಿನಿಮಯ ದರ ನಿಗದಿ ಮಾಡುವುದು ಅಂಗಡಿಯವರ ಕಡೆಯ ಸಂಸ್ಥೆ, ಲಾಭ ಸೇರಿಸಿಕೊಂಡೇ. ವಹಿವಾಟು ಹೊರದೇಶದಲ್ಲಿ ನಡೆದಿರುವುದರಿಂದ ನಿಮ್ಮ ಬ್ಯಾಂಕು ತನ್ನ ಶುಲ್ಕವನ್ನೂ ಹಾಕಬಹುದು, ಆಗ ಎರಡೂ ಕಡೆಯಿಂದ ಕಡಿತ. ಆಯ್ಕೆ ಯಾವಾಗಲೂ ಆ ದೇಶದ ಹಣವೇ ಆಗಿರಲಿ. ಯಂತ್ರವನ್ನು ಅಂಗಡಿಯವರು ತಾವೇ ಒತ್ತಿ ಕೊಟ್ಟರೆ, ಚೀಟಿಯಲ್ಲಿ ಯಾವ ಹಣ ಮುದ್ರಣವಾಗಿದೆ ಎಂದು ನೋಡಿ, ತಪ್ಪಿದ್ದರೆ ಅಲ್ಲೇ ರದ್ದು ಮಾಡಿಸಿ. ಐರೋಪ್ಯ ಒಕ್ಕೂಟದಲ್ಲಿ 2020ರಿಂದ ಈ ದರ ಐರೋಪ್ಯ ಕೇಂದ್ರ ಬ್ಯಾಂಕಿನ ದರಕ್ಕಿಂತ ಶೇಕಡ ಎಷ್ಟು ಹೆಚ್ಚು ಎಂದು ಮೊದಲೇ ತೋರಿಸಬೇಕಾಗಿದೆ.

ವಾರ್ಷಿಕ ಶುಲ್ಕ, ಪಾಯಿಂಟು, ಸ್ಕೋರು

ವಾರ್ಷಿಕ ಶುಲ್ಕದ ಲೆಕ್ಕ ಸರಳ: ಕಾರ್ಡ್ ಇಲ್ಲದಿದ್ದರೂ ಮಾಡುತ್ತಿದ್ದ ಖರ್ಚಿನ ಮೇಲೆ ವರ್ಷಕ್ಕೆ ಸಿಗುವುದೆಷ್ಟು, ಶುಲ್ಕವೆಷ್ಟು. 'ಇಷ್ಟು ಖರ್ಚಾದರೆ ಶುಲ್ಕ ಮನ್ನಾ' ಎಂಬ ಷರತ್ತಿನಲ್ಲಿ ಯಾವ ಖರ್ಚು ಲೆಕ್ಕಕ್ಕಿಲ್ಲ ಎಂಬ ಅಡಿಟಿಪ್ಪಣಿ ಇರುತ್ತದೆ. ಇಂಧನ, ಬಾಡಿಗೆ, ವ್ಯಾಲೆಟ್, ಕಂತುಗಳು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಬರುತ್ತವೆ. ಮನ್ನಾ ಆಗುವುದಕ್ಕೆಂದು ಖರ್ಚು ಹೆಚ್ಚಿಸಿದ ದಿನವೇ ಲೆಕ್ಕ ತಲೆಕೆಳಗಾಗುತ್ತದೆ. 'ಮೊದಲ ವರ್ಷ ಉಚಿತ' ಕಾರ್ಡಿನ ಎರಡನೆಯ ವರ್ಷದ ಶುಲ್ಕ ಬಳಸದ ಕಾರ್ಡಿನ ಬಿಲ್ಲಿನಲ್ಲೂ ಬರುತ್ತದೆ. ಅದನ್ನು ಗಮನಿಸದೆ ಬಿಟ್ಟರೆ ಲೇಟ್ ಫೀ ಆರಂಭ. ಕಾರ್ಡ್ ಬಂದ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ ಒಂದು ತಿಂಗಳು ಮೊದಲು ತೀರ್ಮಾನಿಸಿ.

ಪಾಯಿಂಟುಗಳ ಬೆಲೆಯನ್ನು ಬ್ಯಾಂಕು ಯಾವಾಗ ಬೇಕಾದರೂ ಇಳಿಸಬಹುದು, ಷರತ್ತುಪುಟ ಆ ಹಕ್ಕನ್ನು ಅದಕ್ಕೇ ಉಳಿಸಿಕೊಟ್ಟಿರುತ್ತದೆ. ಕೂಡಿಡುವುದಕ್ಕಿಂತ ಬಳಸಿಬಿಡುವುದು ವಾಸಿ. ಅಂಗಡಿಯವರ ಶುಲ್ಕಕ್ಕೆ ಕಡಿವಾಣ ಬಿದ್ದಲ್ಲಿ ಪಾಯಿಂಟಿಗೆ ಹಣ ಒದಗಿಸುವ ಮೂಲವೇ ಸೊರಗುತ್ತದೆ. ಐರೋಪ್ಯ ಒಕ್ಕೂಟ 2015ರಲ್ಲಿ ಕ್ರೆಡಿಟ್ ಕಾರ್ಡಿನ ಇಂಟರ್‌ಚೇಂಜ್ ಶುಲ್ಕವನ್ನು, ಅಂದರೆ ಅಂಗಡಿಯವರ ಶುಲ್ಕದಲ್ಲಿ ಕಾರ್ಡ್ ಕೊಟ್ಟ ಬ್ಯಾಂಕಿಗೆ ಸೇರುವ ಪಾಲನ್ನು, ಶೇ. 0.3ಕ್ಕೆ ಮಿತಿಗೊಳಿಸಿತು, ಅಷ್ಟರಿಂದ ದೊಡ್ಡ ಕ್ಯಾಶ್‌ಬ್ಯಾಕ್ ಕೊಡುವುದು ಕಷ್ಟ. ತಿಂಗಳಿಗೆ 40,000 ಖರ್ಚು ಮಾಡಿ ಶೇ. 1ರಂತೆ 400 ಪಡೆಯುವವರು, ಆ 2,400ರ ಬಡ್ಡಿಯಲ್ಲಿ ಆರು ತಿಂಗಳ ಕ್ಯಾಶ್‌ಬ್ಯಾಕ್ ಕಳೆದುಕೊಂಡಿರುತ್ತಾರೆ.

ಸಾಲ ಕೊಡುವವರು ನೋಡುವ ಅಂಕ, ಕ್ರೆಡಿಟ್ ಸ್ಕೋರಿನ ವಿಷಯದಲ್ಲಿ ಒಂದು ವಿಚಿತ್ರ ಕಾಣುತ್ತದೆ. ಪೂರ್ತಿ ಕಟ್ಟುವವರ ಸ್ಕೋರೂ ಇಳಿಯಬಹುದು. ಬ್ಯಾಂಕು ಬಹುಮಟ್ಟಿಗೆ ವರದಿ ಮಾಡುವುದು ಸ್ಟೇಟ್‌ಮೆಂಟ್ ದಿನದ ಬಾಕಿಯನ್ನು. 1,00,000ದ ಲಿಮಿಟ್‌ನಲ್ಲಿ 80,000 ಬಳಸಿ ಗಡುವಿಗೆ ಪೂರ್ತಿ ಕಟ್ಟಿದರೂ, ವರದಿಯಲ್ಲಿ ಶೇ. 80 ಬಳಕೆ ಎಂದೇ ಕಾಣುತ್ತದೆ. ಹತ್ತಿರದಲ್ಲಿ ಮನೆಸಾಲಕ್ಕೋ ವಾಹನಸಾಲಕ್ಕೋ ಅರ್ಜಿ ಹಾಕುವುದಿದ್ದರೆ, ಸ್ಟೇಟ್‌ಮೆಂಟ್ ಬರುವ ಎರಡು ಮೂರು ದಿನ ಮೊದಲೇ ದೊಡ್ಡ ಭಾಗವನ್ನು, ಇಲ್ಲಿ 70,000ವನ್ನು, ಕಟ್ಟಿಬಿಡಿ. ಬಿಲ್ 10,000ಕ್ಕೆ ಬರುತ್ತದೆ, ಬಳಕೆ ಶೇ. 10 ಎಂದು ವರದಿಯಾಗುತ್ತದೆ.

ಇಷ್ಟೆಲ್ಲ ಇದ್ದೂ ಕಾರ್ಡನ್ನು ಒಳ್ಳೆಯ ಸಾಧನ ಎಂದದ್ದಕ್ಕೆ ದೊಡ್ಡ ಕಾರಣ ಪಾಯಿಂಟು ಅಲ್ಲ, ರಕ್ಷಣೆ. ವಂಚನೆಯಾದಾಗ ಡೆಬಿಟ್ ಕಾರ್ಡಿನಲ್ಲಿ ಹೋಗುವುದು ಖಾತೆಯಲ್ಲಿದ್ದ ನಿಮ್ಮ ಹಣ, ಕ್ರೆಡಿಟ್ ಕಾರ್ಡಿನಲ್ಲಿ ಸಿಲುಕುವುದು ಬ್ಯಾಂಕಿನ ಹಣ. ಅಮೆರಿಕದಲ್ಲಿ ಅನಧಿಕೃತ ಬಳಕೆಗೆ ಕಾರ್ಡುದಾರರ ಹೊಣೆ ಹೆಚ್ಚೆಂದರೆ 50 ಡಾಲರ್. ಬ್ರಿಟನ್ನಿನಲ್ಲಿ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, 100 ಪೌಂಡಿಗಿಂತ ಹೆಚ್ಚಿನ, 30,000 ಪೌಂಡಿನವರೆಗಿನ ಸರಕು ಕೈಗೆ ಬರದಿದ್ದರೆ ಮಾರಿದವರಷ್ಟೇ ಹೊಣೆ ಕಾರ್ಡ್ ಕೊಟ್ಟವರಿಗೂ ಇದೆ. ಭಾರತದಲ್ಲಿ ಹೊರಗಿನವರ ಕೈವಾಡದಿಂದಾದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ನಿಯಮ ಮಾಡಿದೆ. ಆ ಮೂರು ದಿನ ಕೈತಪ್ಪದಿರಲು ಪ್ರತಿ ವಹಿವಾಟಿನ ಸಂದೇಶ ಫೋನಿಗೆ ಬರುವಂತಿರಬೇಕು.

ಕಾರ್ಡ್ ಬೇಡ ಎನಿಸಿದಾಗ

ಮುಚ್ಚುವುದಕ್ಕೂ ಕ್ರಮವಿದೆ. ಮೊದಲು ಆ ಕಾರ್ಡಿಗೆ ಜೋಡಿಸಿರುವ ಚಂದಾ, ವಿಮೆ, ಫೋನ್ ಬಿಲ್ಲುಗಳನ್ನು ಬೇರೆಡೆಗೆ ಬದಲಿಸಬೇಕು. ಒಂದು ಬಿಲ್ಲಿಂಗ್ ಚಕ್ರ ಪೂರ್ತಿ ಕಾರ್ಡ್ ಮುಟ್ಟದೆ ಕಾದು, ಹಳೆಯ ಯಾವುದೂ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಪಾಯಿಂಟುಗಳನ್ನು ಬಳಸಿಬಿಡಿ, ಮುಚ್ಚಿದ ಮೇಲೆ ಅವು ಸಾಮಾನ್ಯವಾಗಿ ಉಳಿಯುವುದಿಲ್ಲ. ಕಂತುಗಳಿದ್ದರೆ ಮುಂಚಿತವಾಗಿ ತೀರಿಸುವ ಶುಲ್ಕ ಎಷ್ಟೆಂದು ಕೇಳಿ. ಬಾಕಿ ಸೊನ್ನೆಯಾದ ಮೇಲೆ ಲಿಖಿತವಾಗಿ, ಇಮೇಲಿನಲ್ಲಾದರೂ ಸರಿ, ಮುಚ್ಚುವ ಕೋರಿಕೆ ಕಳಿಸಿ ಅದರ ಸಂಖ್ಯೆ ಇಟ್ಟುಕೊಳ್ಳಿ. ಭಾರತದಲ್ಲಿ ಬಾಕಿ ಇಲ್ಲದ ಕಾರ್ಡನ್ನು ಬ್ಯಾಂಕು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ದಂಡ ಕೊಡಬೇಕು. ಈ ನಿಯಮವನ್ನು ಕೋರಿಕೆಯಲ್ಲೇ ಒಂದು ಸಾಲಾಗಿ ಬರೆದರೆ ಕೆಲಸ ಬೇಗ ಸಾಗುತ್ತದೆ. 'ಯಾವುದೇ ಬಾಕಿ ಇಲ್ಲ' ಎಂಬ ಪತ್ರ ಬಂದ ಮೇಲೂ ಮುಂದಿನ ತಿಂಗಳ ಸ್ಟೇಟ್‌ಮೆಂಟ್ ಬರುತ್ತದೆಯೇ ಎಂದು ನೋಡಿ. ಎರಡು ತಿಂಗಳ ನಂತರ ಕ್ರೆಡಿಟ್ ವರದಿ ತೆಗೆಸಿ, ಆ ಖಾತೆಯ ಮುಂದೆ 'ಮುಚ್ಚಲಾಗಿದೆ' ಎಂದೇ ಇದೆಯೇ ಎಂದು ಪರಿಶೀಲಿಸಿ. 'ಇತ್ಯರ್ಥವಾಗಿದೆ' ಎಂದಿದ್ದರೆ ಪೂರ್ತಿ ಕಟ್ಟದೆ ಕಡಿಮೆ ಮೊತ್ತಕ್ಕೆ ರಾಜಿ ಮಾಡಿಕೊಂಡಿದ್ದಾರೆ ಎಂಬ ಅರ್ಥ ಬರುತ್ತದೆ. ಬಾಕಿ ಇಲ್ಲದ ಪತ್ರವನ್ನು ಲಗತ್ತಿಸಿ ಆ ಪದವನ್ನು ತಿದ್ದಿಸಬೇಕು.